ಅಲೆಖಿನ್ ಡಿಫೆನ್ಸ್ ಕಲಿಯಲು ಲಿಚೆಸ್ ಎಕ್ಸ್‌ಪ್ಲೋರರ್ ಸಾಕೇ?

ಸಾಕು. ಚೆಸ್‌ನಲ್ಲಿ ಬಿಳಿಯ ಇ4 ನಡೆಗೆ ಕಪ್ಪು ಕುದುರೆ ಎಫ್6 ಎಂದು ಉತ್ತರಿಸುವ ಆರಂಭವೇ ಅಲೆಖಿನ್ ಡಿಫೆನ್ಸ್; ಯಾವ ನಡೆಯನ್ನು ಎಷ್ಟು ಆಟಗಳಲ್ಲಿ ಆಡಿದ್ದಾರೆ, ಯಾರು ಗೆದ್ದಿದ್ದಾರೆ ಎಂದು ತೋರಿಸುವುದು ಲಿಚೆಸ್ ಎಂಬ ಚೆಸ್ ತಾಣದ ಎಕ್ಸ್‌ಪ್ಲೋರರ್. ಆದರೆ ಮಾಸ್ಟರ್ಸ್ ಟ್ಯಾಬ್ ಒಂದನ್ನೇ ನೋಡುತ್ತ ಕೂತರೆ ಸಾಲದು. ಅದರಲ್ಲಿರುವುದು 1952ರಿಂದ ಈಚೆಗೆ 2200ಕ್ಕೂ ಮೇಲಿನ ರೇಟಿಂಗ್‌ನವರು ಆಡಿದ ಆಟಗಳು. (1921ರಲ್ಲಿ ಬುಡಾಪೆಸ್ಟ್‌ನಲ್ಲಿ ಅಲೆಖಿನ್ ಸ್ವತಃ ಆಡಿದ್ದನ್ನು ಅಲ್ಲಿ ಹುಡುಕಬೇಡಿ.) ಕ್ಲಬ್ಬಿನಲ್ಲಿ ಎದುರು ಕೂರುವವರು ಹಾಗೆ ಆಡುವುದಿಲ್ಲ.

ಸಾಮಾನ್ಯ ಆಟಗಾರರ ಆಟಗಳಿರುವ ಲಿಚೆಸ್ ಟ್ಯಾಬ್‌ಗೆ ಹೋಗಿ, ಹಲ್ಲುಚಕ್ರದ ಗುರುತು ಒತ್ತಿ, ರ‍್ಯಾಪಿಡ್ ಮತ್ತು ಕ್ಲಾಸಿಕಲ್ ಉಳಿಸಿಕೊಂಡು ಬುಲೆಟ್ (ಒಂದೆರಡು ನಿಮಿಷದ ಆಟ) ತೆಗೆದುಹಾಕಿ. ರೇಟಿಂಗ್‌ನಲ್ಲಿ 1400, 1600, 1800 ಸಾಕು. ಈಗ ಬಿಳಿ ಇ4, ಕಪ್ಪು ಕುದುರೆ ಎಫ್6 ಇಟ್ಟು ನೋಡಿ. ಇ5 ತಳ್ಳದೆ ಕುದುರೆಯನ್ನು ಸಿ3ಗೆ ತಂದು ಪಕ್ಕಕ್ಕೆ ಸರಿಯುವವರೂ ಕಾಣುತ್ತಾರೆ. ಅದಕ್ಕೆ ಡಿ5 ಅಥವಾ ಇ5 ಉತ್ತರ ಮೊದಲೇ ಸಿದ್ಧವಿರಲಿ.

ಎಕ್ಸ್‌ಪ್ಲೋರರ್ ನಿಜವಾಗಿ ಬೆಲೆಬಾಳುವುದು ಎದುರಾಳಿಯ ಬಲೆಗಳನ್ನು ತೋರಿಸುವಾಗ. 2. ಇ5, ಕುದುರೆ ಡಿ5, 3. ಕುದುರೆ ಸಿ3, ಕುದುರೆಗೆ ಕುದುರೆ ಹೊಡೆತ, 4. ಡಿ ಪಾನ್‌ನಿಂದ ಮರುಹೊಡೆತ, ಡಿ6, 5. ಬಿಷಪ್ ಸಿ4. ಇಲ್ಲಿ ಆಸೆಪಟ್ಟು ಇ5 ಪಾನ್ ಹೊಡೆದರೆ ಬಿಷಪ್ ಎಫ್7ರಲ್ಲಿ ಚೆಕ್ ಕೊಡುತ್ತದೆ. ರಾಜ ಅದನ್ನು ತಿಂದ ಕೂಡಲೇ ಡಿ8ರ ರಾಣಿಗೆ ಕಾವಲಿಲ್ಲ, ಡಿ ಸಾಲು ಪೂರ್ತಿ ಬಯಲು. ಮೊದಲು ಇ6 ಆಡಿದ್ದರೆ ಈ ಕಾಟವಿಲ್ಲ.

ಬಿಳಿ ಸಿ, ಡಿ, ಇ, ಎಫ್ ಪಾನ್‌ಗಳನ್ನು ಮುಂದೆ ತಳ್ಳುವ ನಾಲ್ಕು ಪಾನ್ ದಾಳಿಯಲ್ಲಿ ಮಾತ್ರ ಸಾಲನ್ನು ಆಳಕ್ಕೆ ನೋಡಲೇಬೇಕು: 3. ಡಿ4, ಡಿ6, 4. ಸಿ4, ಕುದುರೆ ಬಿ6; 5. ಎಫ್4, ಇ5ರಲ್ಲಿ ಹೊಡೆತ, 6. ಮರುಹೊಡೆತ, ಕುದುರೆ ಸಿ6, 7. ಬಿಷಪ್ ಇ3, ಬಿಷಪ್ ಎಫ್5, 8. ಕುದುರೆ ಸಿ3, ಆಮೇಲೆ ಇ6. ಬಿಷಪ್ ಹೊರಬರುವ ಮೊದಲೇ ಇ6 ಆಡಿದರೆ ಕಪ್ಪಿನ ಬಿಷಪ್ ತನ್ನ ಪಾನ್‌ಗಳ ಹಿಂದೆಯೇ ಸೆರೆ. 9. ಕುದುರೆ ಎಫ್3, ಬಿಷಪ್ ಇ7 ಆದಮೇಲೆ ಬಿಳಿ ಡಿ5 ತಳ್ಳಿದರೆ ಗಾಬರಿ ಬೇಡ. ಇ ಪಾನ್‌ನಿಂದ ಹೊಡೆದು, ಸಿ ಪಾನ್ ಮರಳಿ ಹೊಡೆದಾಗ ಕುದುರೆ ಬಿ4.

ಓದುವಾಗ ಎಂಜಿನ್ (ಯಾರ ಸ್ಥಿತಿ ಮೇಲೆಂದು ಅಂಕಿಯಲ್ಲಿ ಹೇಳುವ ಕಂಪ್ಯೂಟರ್ ಲೆಕ್ಕ) ಆಫ್ ಮಾಡಿಡಿ. ಕೇಂದ್ರವನ್ನು ಬಿಟ್ಟುಕೊಟ್ಟು ಆಮೇಲೆ ಕೆಡವುವ ಡಿಫೆನ್ಸ್ ಇದು. ಆರಂಭದಲ್ಲಿ ಎಂಜಿನ್ ಬಿಳಿಗೆ ತುಸು ಮೇಲುಗೈ ತೋರಿಸುವುದು ಸಹಜ. ಆ ಅಂಕಿ ನೋಡಿಯೇ ಹಲವರು ಡಿಫೆನ್ಸ್ ಕೈಬಿಡುತ್ತಾರೆ. ಇಪ್ಪತ್ತು ಮೂವತ್ತು ಆಟಗಳಷ್ಟೇ ಇರುವ ಕವಲಿನ ಗೆಲುವು-ಸೋಲಿನ ಪಟ್ಟಿಯನ್ನೂ ನಂಬಬೇಡಿ.

ಎಲ್ಲವೂ ಉಚಿತ, ಜಾಹೀರಾತಿಲ್ಲ. ಆಯ್ದ ಸಾಲುಗಳನ್ನು ಸ್ಟಡಿಯಲ್ಲಿ (ಲಿಚೆಸ್‌ನಲ್ಲಿನ ಟಿಪ್ಪಣಿ ಪುಸ್ತಕದಂಥದ್ದು) ಕೂಡಿಡಬಹುದು, ಒಂದು ಸ್ಟಡಿಗೆ 64 ಅಧ್ಯಾಯಗಳ ಮಿತಿ. ಕೊರತೆಯೆಂದರೆ ಮರೆಯುವ ಹೊತ್ತಿಗೆ ಅದೇ ನಡೆಯನ್ನು ಮತ್ತೆ ಕೇಳುವ ವ್ಯವಸ್ಥೆ ಇದರಲ್ಲಿಲ್ಲ. ಪುನರಾವರ್ತನೆಯ ದಿನಗಳನ್ನು ನೀವೇ ಬರೆದಿಟ್ಟುಕೊಳ್ಳಬೇಕು.