ಎಂಜಿನ್ ನಿಂತರೆ ಏನು ಮಾಡ್ತೀರಿ? ರೀಡ್-ಹಿಲ್‌ವ್ಯೂನಲ್ಲಿ ಒಂದು ಫ್ಲೈಟ್ ರಿವ್ಯೂ

ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಇರುವವರು 24 ತಿಂಗಳಿಗೊಮ್ಮೆ ಫ್ಲೈಟ್ ರಿವ್ಯೂ ಮಾಡಿಸಿಕೊಳ್ಳಬೇಕು. ಕನಿಷ್ಠ ಒಂದು ಗಂಟೆ ನೆಲದ ಮೇಲೆ ಪಾಠ, ಒಂದು ಗಂಟೆ ಹಾರಾಟ. ಬಹಳ ಕಡೆ ಇದು ಗಾಡಿಗೆ ಎಮಿಷನ್ ಸರ್ಟಿಫಿಕೇಟ್ ಮಾಡಿಸಿದ ಹಾಗೆ. ಹೋದೆ, ಸಹಿ ಬಿತ್ತು, ಬಂದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ ನನಗೆ ಸಿಕ್ಕ ಮೇಷ್ಟ್ರು ಆ ಪೈಕಿ ಅಲ್ಲ. ಎಂಜಿನ್ ಕೈಕೊಟ್ಟರೆ ಏನು ಎನ್ನುವುದೊಂದನ್ನೇ ಹಿಡಿದು ಅರೆದು ಕುಡಿಸಿದರು.

ನೆಲದ ಪಾಠದಲ್ಲಿ ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಪ್ರಸಂಗ ಬಂತು. 2015ರ ಮಾರ್ಚ್‌ನಲ್ಲಿ ಸಾಂಟಾ ಮೋನಿಕಾದಿಂದ ಹಳೇ ರಯಾನ್ ವಿಮಾನದಲ್ಲಿ ಮೇಲೇರಿದವರು ಗಾಲ್ಫ್ ಮೈದಾನದಲ್ಲಿ ಇಳಿಯಬೇಕಾಯಿತಲ್ಲ, ಅದು. ಕಾರ್ಬ್ಯುರೇಟರ್ ಒಳಗಿನ ಒಂದು ಜೆಟ್ (ಇಂಧನ ಅಳೆದು ಬಿಡುವ ಪುಟ್ಟ ತೂತಿನ ಬಿಡಿಭಾಗ) ಸಡಿಲವಾಗಿತ್ತು, ಅಷ್ಟೇ. ಉಳಿದ ಕಾನೂನು, ಕಾಗದಪತ್ರಗಳ ಪಾಠ ನೀರಸ.

ಹಾರಾಟ ಸೆಸ್ನಾ 172ಎಸ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. ಸ್ಯಾನ್ ಮಾರ್ಟಿನ್ ಕಡೆ ಹೋಗುವಾಗ ರೇಡಿಯೋ ಬದಲಿಸಲು ನಾನು ತಲೆ ಬಗ್ಗಿಸಿದ ಹೊತ್ತಿಗೇ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಎಳೆದು ಶಕ್ತಿ ತೆಗೆದುಬಿಟ್ಟರು. ಮೊದಲು ವೇಗವನ್ನು ಅತಿ ದೂರ ತೇಲಿಸುವ 68 ನಾಟ್‌ಗೆ ತರಬೇಕು, ಆಮೇಲೆ ಇಳಿಯಲು ಹೊಲ ಹುಡುಕಬೇಕು, ಆಮೇಲೆ ಚೆಕ್‌ಲಿಸ್ಟ್. ಗಾಳಿಯಿಲ್ಲದಿದ್ದರೆ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲಬಹುದು. ಎದುರುಗಾಳಿ ಬಂದರೆ ಆ ಲೆಕ್ಕ ಬಿಟ್ಟುಬಿಡಿ. ಮೇಲಿಂದ ಹಸಿರಾಗಿ, ಮಟ್ಟಸವಾಗಿ ಕಾಣುವುದು ದ್ರಾಕ್ಷಿ ತೋಟವಾಗಿದ್ದರೆ ಒಳಗೆಲ್ಲ ಕಂಬ, ತಂತಿ. ಉತ್ತ ನೆಲವಾದರೆ ಸಾಲಿನುದ್ದಕ್ಕೇ ಇಳಿಯಬೇಕು ಅಂದರು. ಮಂಡ್ಯದವಳಿಗೆ ಇದನ್ನು ಹೇಳಿಕೊಡಬೇಕೆ? ಸಾಲಿಗೆ ಅಡ್ಡಲಾಗಿ ಎತ್ತಿನ ಗಾಡಿಯೂ ಹೋಗುವುದಿಲ್ಲ. ಫ್ಲಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಬಾಗುವ ಹಲಗೆ) ವಿದ್ಯುತ್ತಿನಿಂದ ಓಡುವುದರಿಂದ ಅದನ್ನು ಇಳಿಸಿದ ಮೇಲೇ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಆರಿಸಬೇಕು, ನೆಲ ಮುಟ್ಟುವ ಮುಂಚೆ ಬಾಗಿಲಿನ ಚಿಲಕ ತೆಗೆದಿರಬೇಕು. ಇಷ್ಟನ್ನೂ ಬಾಯಿಬಿಟ್ಟು ಹೇಳಿಸಿದರು.

ದುಡ್ಡು ವಸೂಲಾಯಿತು ಅನ್ನಿಸಿದ್ದು ಮಾತ್ರ ಆಮೇಲಿನದರಲ್ಲಿ. ಈ ಸಲ ಥ್ರಾಟಲ್ ಪೂರ್ತಿ ಎಳೆಯಲಿಲ್ಲ, ಅರೆಬರೆ ಶಕ್ತಿ ಬಿಟ್ಟರು. ವಿಮಾನ ಹಾರುತ್ತಿದೆ ಅನ್ನಿಸುತ್ತದೆ, ಎತ್ತರ ಮಾತ್ರ ಸೋರುತ್ತಲೇ ಇರುತ್ತದೆ. ಪೂರ್ತಿ ನಿಂತ ಎಂಜಿನ್ ನಿರ್ಧಾರವನ್ನು ತಾನೇ ಮಾಡಿಕೊಡುತ್ತದೆ. ಇದು ಹಾಗಲ್ಲ, ‘ಇನ್ನೊಂಚೂರು ಹೋಗೋಣ, ರನ್‌ವೇ ಸಿಕ್ಕೀತು’ ಅಂತ ಆಸೆ ಹುಟ್ಟಿಸುತ್ತದೆ. ಮೇಷ್ಟ್ರು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈಗ ನಿಂತರೆ ಎಲ್ಲಿ ಇಳೀತೀರಿ?" ಉತ್ತರ ತಡವಾದರೆ ಮತ್ತೆ ಅದೇ ಪ್ರಶ್ನೆ. ಇದನ್ನು ಬೇರೆ ಯಾರೂ ನನಗೆ ಮಾಡಿಸಿರಲಿಲ್ಲ.

ಟೇಕಾಫ್ ಆದಕೂಡಲೇ ಎಂಜಿನ್ ನಿಂತರೆ ಹಿಂದಿರುಗಲು ಆಗುತ್ತದೆಯೇ ಎಂಬುದನ್ನು 3000 ಅಡಿ ಮೇಲೆ ತೋರಿಸಿದರು. ಗಾಬರಿಯಲ್ಲಿ ಕಳೆಯುವ ಹೊತ್ತಿಗೆಂದು ನಾಲ್ಕು ಸೆಕೆಂಡ್ ಸುಮ್ಮನೆ ಕೂರಿಸಿ, ಆಮೇಲೆ ತಿರುಗಿಸಲು ಹೇಳಿದರು. ತಿರುಗಿ ಮುಗಿಯುವಷ್ಟರಲ್ಲಿ ಸುಮಾರು 500 ಅಡಿ ಎತ್ತರ ಕಳೆದುಹೋಗಿತ್ತು. ರೀಡ್-ಹಿಲ್‌ವ್ಯೂ ಸುತ್ತ ಬರೀ ಮನೆಗಳು ಇರುವುದರಿಂದ ಈ ಲೆಕ್ಕ ನನಗೆ ಬೇಕಿತ್ತು.

ಕೊರತೆ ಇಲ್ಲದಿಲ್ಲ. ಅಭ್ಯಾಸದಲ್ಲಿ ಎಂಜಿನ್ ಐಡಲ್‌ನಲ್ಲಿ ಓಡುತ್ತಲೇ ಇರುತ್ತದೆ, ನಿಜವಾಗಿ ಸತ್ತ ಎಂಜಿನ್ನಿನ ಪ್ರೊಪೆಲರ್ ಗಾಳಿಗೆ ತಿರುಗುತ್ತಾ ವಿಮಾನವನ್ನು ಇನ್ನೂ ಹೆಚ್ಚು ಹಿಂದಕ್ಕೆ ಜಗ್ಗುತ್ತದೆ. ಆ ವ್ಯತ್ಯಾಸವನ್ನು ನಾನೇ ಕೇಳಿದ ಮೇಲೆ ಹೇಳಿದರು. ಇಳಿದ ಮೇಲಿನ ಚರ್ಚೆ ಐದು ನಿಮಿಷಕ್ಕೇ ಮುಗಿಯಿತು, ಮುಂದಿನ ವಿದ್ಯಾರ್ಥಿ ಬಾಗಿಲಲ್ಲಿ ನಿಂತಿದ್ದ.

ಐದಕ್ಕೆ ನಾಲ್ಕು ಅಂಕ. ವಿಮಾನದ ಬಾಡಿಗೆ ಬೇರೆ, ಮೇಷ್ಟ್ರ ಗಂಟೆ ದರ ಬೇರೆ. ದಿನದ ಕೊನೆಯ ಸ್ಲಾಟ್ ಹಿಡಿಯಿರಿ, ಮಾತಾಡಲು ಸಮಯ ಸಿಗುತ್ತದೆ. ಅರೆಬರೆ ಶಕ್ತಿಯ ಅಭ್ಯಾಸ ಬೇಕು ಎಂದು ಬುಕ್ ಮಾಡುವಾಗಲೇ ಹೇಳಿಬಿಡಿ.