ಕೇಸ್ ಶೀಟ್‌ನಲ್ಲಿ ಏನು ಬರೆದಿದ್ದಾರೆ, ಮೊದಲು ಅದನ್ನು ನೋಡಿ

ನಿಮ್ಮವರು ಯಾರಾದರೂ ರಸ್ತೆ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದರೆ, ಎಷ್ಟೇ ಗಾಬರಿಯಲ್ಲಿದ್ದರೂ ಒಂದು ಕೆಲಸ ಮಾಡಿ. ಗಾಯ ಹೇಗಾಯಿತು ಅಂತ ಕೇಸ್ ಶೀಟ್‌ನ, ಅಂದರೆ ಆಸ್ಪತ್ರೆಯ ಚಿಕಿತ್ಸಾ ದಾಖಲೆಯ, ಮೊದಲ ಪುಟದಲ್ಲಿ ಬರೆದಿರುತ್ತಾರೆ. ಅದನ್ನು ಓದಿಸಿ ತಿಳಿದುಕೊಳ್ಳಿ. ಅಲ್ಲಿನ ಒಂದೇ ಸಾಲಿನಿಂದ ನನ್ನ ತಮ್ಮನ ಅಪಘಾತ ಪರಿಹಾರದ ಕ್ಲೇಮ್ ಕೇಸು ಇನ್ನೂ ಎಳೆದಾಡುತ್ತಿದೆ.

ತಮ್ಮ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದ. ಶಿರಾ ಕಡೆಯಿಂದ ತುಮಕೂರಿಗೆ ಹೆದ್ದಾರಿಯಲ್ಲಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಕಾರು ಗುದ್ದಿತು. ಬಲಗಾಲು ಮುರಿದು ರಾಡ್ ಹಾಕಿದರು. ಅವನಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದ ಪುಣ್ಯಾತ್ಮರು ಡಿಕ್ಕಿಯನ್ನು ಕಂಡವರಲ್ಲ, ಬಿದ್ದವನನ್ನು ಕಂಡವರು. ಡ್ಯೂಟಿ ಡಾಕ್ಟರ್ ಕೇಳಿದಾಗ ‘ಬೈಕಿನಿಂದ ಬಿದ್ದಿದ್ದಾರೆ’ ಅಂದರು. ಅದೇ ದಾಖಲಾಯಿತು. ಕಾರಿನ ಸುದ್ದಿಯೇ ಇಲ್ಲ.

ಮರುದಿನ ಕಾರಿನ ಮಾಲೀಕರು ಹಣ್ಣು ಹಿಡಿದುಕೊಂಡು ಬಂದರು. ‘ಪೊಲೀಸು, ಕೋರ್ಟು ಅಂತ ಯಾಕೆ ಅಲೀತೀರಾ? ಖರ್ಚೆಲ್ಲ ನಾನೇ ನೋಡ್ಕೋತೀನಿ’ ಅಂದರು. ಅಪ್ಪನ ಕೈಗೆ ಒಂದಿಷ್ಟು ದುಡ್ಡೂ ಕೊಟ್ಟರು. ಆಪರೇಷನ್ ಬಿಲ್ ಬಂದ ಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆಮೇಲೆ ದೂರು ಕೊಟ್ಟೆವು. ಎಫ್‌ಐಆರ್ ಆಯಿತು, ಸ್ಥಳ ಮಹಜರು ಆಯಿತು, ಕಾರಿನ ಚಾಲಕನ ಮೇಲೆ ಚಾರ್ಜ್ ಶೀಟೂ ಆಯಿತು.

ವಿಮಾ ಕಂಪನಿಯ ವಕೀಲರು ಹಿಡಿದಿದ್ದು ಎರಡೇ ವಿಷಯ. ಆಸ್ಪತ್ರೆ ದಾಖಲೆಯಲ್ಲಿ ತಾನೇ ಬಿದ್ದ ಅಂತಿದೆ. ದೂರು ತಡವಾಗಿದೆ. ಹಾಗಾಗಿ ಪರಿಹಾರದ ಆಸೆಗೆ ಯಾವುದೋ ಕಾರನ್ನು ತಂದು ಸೇರಿಸಿದ್ದಾರೆ ಅಂತ ವಾದ. ನಡೆಯಲಾಗದ ಹುಡುಗನನ್ನು ಕಟಕಟೆಯಲ್ಲಿ ಕೂರಿಸಿ, ನೀನು ಸುಳ್ಳು ಹೇಳುತ್ತಿದ್ದೀಯ ಅಂತ ಪಾಟೀ ಸವಾಲು ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ದೂರು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ರವಿ ಮತ್ತು ಬದ್ರಿನಾರಾಯಣ ನಡುವಿನ ಕೇಸಿನಲ್ಲಿ ಹೇಳಿದೆ. ಮನೆಯವರಿಗೆ ಮೊದಲು ಗಾಯಾಳುವಿನ ಜೀವ ಮುಖ್ಯ, ಠಾಣೆಯಲ್ಲ ಅನ್ನುವುದನ್ನು ಕೋರ್ಟೂ ಒಪ್ಪುತ್ತದೆ. ಆದರೆ ತಡವಾದದ್ದರ ಜೊತೆಗೆ ಕೇಸ್ ಶೀಟ್‌ನ ಆ ಸಾಲೂ ಸೇರಿದರೆ ಅನುಮಾನ ಗಟ್ಟಿಯಾಗುತ್ತದೆ. ಈಗ ಡಾಕ್ಟರನ್ನು ಸಾಕ್ಷಿಗೆ ಕರೆಸಬೇಕು. ಆ ಮಾಹಿತಿ ಕೊಟ್ಟವರು ಯಾರು ಅಂತ ಅವರಿಂದ ಹೇಳಿಸಬೇಕು. ಅವರು ಬರುವ ದಿನಕ್ಕೆ ಕಾಯಬೇಕು.

ತಪ್ಪು ಬರೆದಿದ್ದರೆ ಡಿಸ್ಚಾರ್ಜ್‌ಗೆ ಮೊದಲೇ ಲಿಖಿತವಾಗಿ ತಿಳಿಸಿ. ತಿದ್ದಿ ಬರೆಯಿಸಬೇಡಿ, ಅದು ಇನ್ನೂ ದೊಡ್ಡ ಅನುಮಾನಕ್ಕೆ ದಾರಿ. ದಿನಾಂಕ ಹಾಕಿ ಬೇರೆಯದೇ ಟಿಪ್ಪಣಿ ಸೇರಿಸಲಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ಆಸ್ಪತ್ರೆ ಮಾಡುವ ದಾಖಲೆ) ಆಗಿದೆಯಾ, ಠಾಣೆಗೆ ಮಾಹಿತಿ ಹೋಗಿದೆಯಾ ಅಂತ ವಿಚಾರಿಸಿ. ದಾಖಲೆಗಳ ನಕಲು ಕೇಳುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಗಾಯಾಳುವೇ ದೂರು ಕೊಡಬೇಕು ಅಂತೇನಿಲ್ಲ, ಮನೆಯವರು ಕೊಡಬಹುದು. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯವರು ದೂರು ತೆಗೆದುಕೊಳ್ಳಬೇಕು.

ರಾಜಿ ಮಾತಾಡುವವರಿಗೆ ಒಂದು ವಿಷಯ ಹೇಳಿ. ವಿಮೆ ಚಾಲ್ತಿಯಲ್ಲಿದ್ದು ಚಾಲಕನಿಗೆ ಲೈಸೆನ್ಸ್ ಇದ್ದರೆ, ಪರಿಹಾರ ಕಟ್ಟಬೇಕಾದದ್ದು ವಿಮಾ ಕಂಪನಿ. ಮಾಲೀಕರ ಜೇಬಿನಿಂದ ಹೋಗುವುದಿಲ್ಲ. ಎಷ್ಟೋ ಜನ ಇದು ಗೊತ್ತಿಲ್ಲದೆ ಸುಮ್ನೆ ದೂರು ತಪ್ಪಿಸಲು ನೋಡುತ್ತಾರೆ.

ಕಂಪನಿ ಕಡೆಯವರು ಮನೆಗೂ ಬಂದಿದ್ದರು. ತುಂಬಾ ವಿನಯದಿಂದ ಮಾತಾಡಿ, ಇಂಗ್ಲಿಷಿನಲ್ಲಿ ಬರೆದ ಹೇಳಿಕೆಗೆ ಸಹಿ ಕೇಳಿದರು. ನಮ್ಮ ವಕೀಲರು ತಡೆದರು. ಓದಲು ಬಾರದ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ. ವಾರ್ಡಿನ ಬಾಗಿಲಲ್ಲೇ ‘ಕೇಸ್ ಮಾಡಿಸಿಕೊಡ್ತೀವಿ, ಬಂದದ್ದರಲ್ಲಿ ಇಷ್ಟು ಪಾಲು’ ಅನ್ನುವ ಮಧ್ಯವರ್ತಿಗಳು ಬರುತ್ತಾರೆ. ವಕಾಲತ್ತಿಗೆ ಸಹಿ ಹಾಕುವ ಮೊದಲು ವಕೀಲರನ್ನು ನೀವೇ ಮುಖತಃ ಕಾಣಿ. ಶುಲ್ಕ ಕಟ್ಟುವ ಶಕ್ತಿ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಅಂಗವೈಕಲ್ಯದ ಲೆಕ್ಕದಲ್ಲೂ ಜನ ಮೋಸ ಹೋಗುತ್ತಾರೆ. ಡಾಕ್ಟರ್ ಕಾಲಿಗೆ ಇಷ್ಟು ಶೇಕಡಾ ಅಂತ ಬರೆದುಕೊಟ್ಟರೆ, ದುಡಿಮೆಯ ನಷ್ಟವೂ ಅಷ್ಟೇ ಆಗಬೇಕಿಲ್ಲ. ಆ ಗಾಯದಿಂದ ಅವನ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಕೇಸಿನಲ್ಲಿ ವಿವರವಾಗಿ ಹೇಳಿದೆ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಇಂಥ ಕಾಲಿನಿಂದ ಸ್ವಲ್ಪ ಕಷ್ಟ. ಕುಕ್ಕರಗಾಲಲ್ಲಿ ಕೂರದೆ ಟೈಲ್ಸ್ ಹಾಕುವುದು ಹೇಗೆ? ತಮ್ಮನ ಕಸುಬೇ ಹೋಯಿತು. ಸಂಬಳದ ಚೀಟಿ ಇಲ್ಲದವರು ಕೂಲಿ ಜಮೆಯಾದ ಬ್ಯಾಂಕ್ ಪುಸ್ತಕ, ಗುತ್ತಿಗೆದಾರರ ಸಾಕ್ಷ್ಯ ಕೊಡಬೇಕು. ಇಲ್ಲದಿದ್ದರೆ ಕೋರ್ಟು ಅಂದಾಜಿನ ಆದಾಯ ಹಿಡಿಯುತ್ತದೆ. ಅದು ನಿಜವಾದ ದುಡಿಮೆಗಿಂತ ಕಡಿಮೆಯೇ ಇರಬಹುದು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರದ ಅರ್ಜಿ ಹಾಕಲು ಅಪಘಾತದಿಂದ 6 ತಿಂಗಳ ಗಡುವಿದೆ. ಗುಣವಾದ ಮೇಲೆ ನೋಡೋಣ ಅಂತ ಕಾಯಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ಅಪಘಾತ ಪರಿಹಾರ ಟ್ರಿಬ್ಯೂನಲ್‌ನಲ್ಲೇ ಅರ್ಜಿ ಹಾಕಬಹುದು.