ಅಡೀನಿಯಂ: ಕಸಿ ಗಿಡವೋ, ಕಡ್ಡಿಯ ಗಿಡವೋ, ಬೀಜದ ಗಿಡವೋ

ಬುಡ ಉಬ್ಬಿ ಬೆಳೆಯುವ ಹೂಗಿಡ ಅಡೀನಿಯಂ. ಅದನ್ನು ಬೆಳೆಸಲು ಹೊರಟವರ ಮುಂದೆ ಮೂರು ದಾರಿಗಳಿವೆ: ಕಸಿ ಕಟ್ಟಿದ ಗಿಡವನ್ನು ಕೊಳ್ಳುವುದು, ಕಡ್ಡಿ ನೆಟ್ಟು ಬೇರು ಬರಿಸುವುದು, ಇಲ್ಲವೇ ಬೀಜ ಬಿತ್ತುವುದು. ಮೂರನ್ನೂ ಒಂದೇ ಬಿಸಿಲಿನಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ ಬೆಳೆಸಿ ನೋಡಿದ ಮೇಲೆ ನನ್ನ ಒಲವು ಬೀಜದ ಗಿಡದ ಕಡೆಗೇ ನಿಂತಿದೆ. ನಾನು ಮೊದಲು ಹಣ ಕೊಟ್ಟು ತಂದದ್ದು ಮಾತ್ರ ಮೂರು ಸುತ್ತು ಎಸಳುಗಳ ಕಡುಗೆಂಪು ಹೂವಿನ ಕಸಿ ಗಿಡವನ್ನು.

ಕಸಿ ಗಿಡದ ದೊಡ್ಡ ಗುಣವೆಂದರೆ ಖಚಿತತೆ. ತಾಯಿಗಿಡದ ಬಣ್ಣ ಮತ್ತು ಎಸಳುಗಳ ಸುತ್ತು ಕಸಿಕಡ್ಡಿಯ ಮೂಲಕ ಹಾಗೆಯೇ ಉಳಿದು ಬರುತ್ತವೆ. ಹೂವಿಗಾಗಿ ಹೆಚ್ಚು ಕಾಯಬೇಕಾಗಿಯೂ ಇಲ್ಲ. ಇಷ್ಟನ್ನು ಅದು ತಪ್ಪದೆ ನಡೆಸಿಕೊಟ್ಟಿತು.

ತೊಡಕು ಇರುವುದು ಕಸಿಯ ಗಂಟಿನ, ಎಂದರೆ ಕಸಿಕಡ್ಡಿಯನ್ನು ಇನ್ನೊಂದು ಗಿಡದ ಬುಡಕ್ಕೆ ಕೂಡಿಸಿದ ಜಾಗದ, ಕೆಳಗೆ. ಕೆಳಗಿನ ಬೇರುಸಸಿ ಸಾಮಾನ್ಯವಾಗಿ ಬೀಜದಿಂದ ಹುಟ್ಟಿದ, ಕಸುವುಳ್ಳ, ಒಂದೇ ಸುತ್ತಿನ ಹೂ ಬಿಡುವ ಗಿಡವಾಗಿರುತ್ತದೆ. ಬೆಚ್ಚನೆಯ ದಿನಗಳು ಬಂದು ಗಿಡ ಚಿಗುರುವಾಗ ಗಂಟಿನ ಕೆಳಗಿನಿಂದಲೂ ಚಿಗುರು ಏಳುತ್ತದೆ. ಎಲೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದಿರುವುದರಿಂದ ಅದು ಯಾವುದರ ಚಿಗುರೆಂದು ಎಲೆ ನೋಡಿ ಹೇಳುವುದು ಕಷ್ಟ, ಅದು ಹುಟ್ಟಿದ ಜಾಗವನ್ನೇ ಬಗ್ಗಿ ನೋಡಬೇಕು. ಅದನ್ನು ಬುಡದಿಂದಲೇ ಚಿವುಟದೆ ಬಿಟ್ಟರೆ ಆಹಾರವೆಲ್ಲ ಅತ್ತಲೇ ಹರಿದು, ಹಣ ಕೊಟ್ಟು ತಂದ ಕೊಂಬೆ ಸೊರಗತೊಡಗುತ್ತದೆ. ಚಿವುಟಿದರೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅದೇ ಬುಡದ ಇನ್ನೊಂದು ಮೊಗ್ಗು ಎಚ್ಚರಗೊಳ್ಳುತ್ತದೆ. ಗಿಡ ಬದುಕಿರುವಷ್ಟು ಕಾಲವೂ ಈ ಕಾವಲು ತಪ್ಪಿದ್ದಲ್ಲ.

ಎರಡನೆಯ ಅಸಮಾಧಾನ ಆಕಾರದ್ದು. ಉಬ್ಬಿದ ಬುಡದ ಮೇಲೆ ಸಪೂರ ಕೊಂಬೆಯೊಂದು ನೆಟ್ಟಗೆ ನಿಂತಂತೆ ಕಾಣುತ್ತದೆ, ಕಸಿಯ ಗಾಯದ ಗುರುತು ವರ್ಷಗಟ್ಟಲೆ ಉಳಿಯಬಹುದು. ಅಲ್ಲದೆ, ಒತ್ತಾದ ಮೂರು ಸುತ್ತಿನ ಹೂವು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ತಲೆ ತಗ್ಗಿಸುತ್ತದೆ; ಒಂಟಿ ಸುತ್ತಿನ ಹೂವಿಗೆ ಆ ಭಾರವಿಲ್ಲ.

ಕಡ್ಡಿಯ ಗಿಡ ಸುಲಭ: ಕತ್ತರಿಸಿದ ತುದಿಯನ್ನು ಕೆಲವು ದಿನ ನೆರಳಿನಲ್ಲಿ ಒಣಗಿಸಿ ನೆಟ್ಟರೆ ಸಾಕು. ಆದರೆ ಬೀಜದ ಗಿಡಕ್ಕೆ ಬರುವಂತಹ ದುಂಡು ಬುಡ ಅದಕ್ಕೆ ಬರುವುದಿಲ್ಲವಾದ್ದರಿಂದ ನನಗೆ ಅದು ಬೇಡ.

ಬೀಜದ ಗಿಡದಲ್ಲಿ ಬೇರಿನಿಂದ ತುದಿಯವರೆಗೆ ಎಲ್ಲವೂ ಒಂದೇ ಗಿಡ. ಎಲ್ಲಿ ಚಿಗುರಿದರೂ ಅದು ನಮಗೆ ಬೇಕಾದ ಚಿಗುರೇ. ಬೀಜ ತಾಜಾ ಆಗಿರಬೇಕು ಎಂಬುದೊಂದೇ ಕಟ್ಟುನಿಟ್ಟು. ಬೆಚ್ಚಗಿನ ವಾತಾವರಣದಲ್ಲಿ ತಾಜಾ ಬೀಜ ಸಾಮಾನ್ಯವಾಗಿ ಒಂದು ವಾರದೊಳಗೆ ಮೊಳೆಯುತ್ತದೆ, ಮೊಳಕೆಯ ಬುಡ ಮೊದಲಿನಿಂದಲೇ ದಪ್ಪಗಿರುತ್ತದೆ. ಪ್ರತಿ ಬಾರಿ ಕುಂಡ ಬದಲಿಸುವಾಗ ಗಿಡವನ್ನು ಸ್ವಲ್ಪ ಮೇಲಕ್ಕೆತ್ತಿ ನೆಟ್ಟರೆ ಮಣ್ಣಿನೊಳಗಿನ ದಪ್ಪ ಬೇರುಗಳು ಹೊರಗೆ ಕಾಣಿಸಿಕೊಂಡು ಬುಡಕ್ಕೆ ಹೊಸ ರೂಪ ಬರುತ್ತದೆ. ತುದಿ ಸವರಿದರೆ ಕವಲುಗಳು ಹೆಚ್ಚುತ್ತವೆ; ಹೂ ಬಿಡುವುದು ಕವಲುಗಳ ತುದಿಯಲ್ಲಾದ್ದರಿಂದ ಹೂವೂ ಹೆಚ್ಚುತ್ತದೆ. ಕೊರತೆಗಳು ಎರಡು: ಹೂವಿಗೆ ಒಂದೆರಡು ವರ್ಷ ಕಾಯಬೇಕು, ಹೂವಿನ ಬಣ್ಣ ತಾಯಿಗಿಡದಂತೆಯೇ ಇರುತ್ತದೆಂಬ ಭರವಸೆಯಿಲ್ಲ.

ಆರೈಕೆಯಲ್ಲಿ ಮೂರಕ್ಕೂ ಭೇದವಿಲ್ಲ. ಆಫ್ರಿಕಾದ ಸಾಹೆಲ್ ಪ್ರದೇಶ ಮತ್ತು ಅರೇಬಿಯಾದ ಒಣ ನೆಲದ ಈ ಗಿಡಕ್ಕೆ ದಿನದ ಬಹುಪಾಲು ನೇರ ಬಿಸಿಲು ಬೇಕು. ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿದ, ನೀರು ತಕ್ಷಣ ಬಸಿದುಹೋಗುವ ಮಣ್ಣು ಬೇಕು. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರುಣಿಸಬೇಕು. ಚಳಿಯಲ್ಲಿ ಎಲೆ ಉದುರಿಸಿದಾಗ ಗಿಡ ಸತ್ತಿತೆಂದು ಗಾಬರಿಗೊಂಡು ನೀರು ಸುರಿದರೆ ಬುಡ ಕೊಳೆಯುತ್ತದೆ. ಬುಡವನ್ನು ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಗಿಡ ವಿಶ್ರಾಂತಿಯಲ್ಲಿದೆ ಎಂದೇ ತಿಳಿಯಬೇಕು. ಕಣಗಿಲೆಯ ಕುಟುಂಬದ ಗಿಡವಾದ್ದರಿಂದ ಇದರ ಸೊನೆ ವಿಷ. ಸವರುವಾಗ ಕೈಗವಸು ಹಾಕಿಕೊಳ್ಳಬೇಕು, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಬೇಕು.

ಇಂಥದ್ದೇ ಬಣ್ಣ, ಇಷ್ಟೇ ಸುತ್ತು ಬೇಕೆನ್ನುವವರಿಗೆ ಕಸಿ ಗಿಡವೇ ಸರಿ. ನಾನು ಹೂವಿಗಿಂತ ಬುಡವನ್ನು ಹೆಚ್ಚು ಹೊತ್ತು ನೋಡುವವನು, ವಾರಕ್ಕೊಮ್ಮೆ ಮಾತ್ರ ಗಿಡಗಳ ಬಳಿ ಸಾವಕಾಶವಾಗಿ ಕೂರುವವನು. ಗಂಟಿನ ಕೆಳಗೆ ನಿತ್ಯ ಕಣ್ಣಿಡುವುದು ನನ್ನ ದಿನಚರಿಗೆ ಒಗ್ಗುವುದಿಲ್ಲ. ಒಂದು ಒಳ್ಳೆಯ ಕಸಿ ಗಿಡಕ್ಕೆ ತೆರುವ ಹಣದಲ್ಲಿ ಹಲವಾರು ಬೀಜಗಳು ಸಿಗುವುದರಿಂದ, ಒಂದಷ್ಟು ಮೊಳೆಯದೆ ಹೋದರೂ ಉಳಿದವುಗಳಲ್ಲಿ ಒಳ್ಳೆಯ ಬುಡದ ಗಿಡಗಳನ್ನು ಆರಿಸಿಕೊಳ್ಳಲು ಅವಕಾಶವಿರುತ್ತದೆ. ಮುಂದೆಯೂ ನಾನು ಬೀಜವನ್ನೇ ಕೊಳ್ಳುತ್ತೇನೆ.